ಗಂಟಲಿನ ಪಾಠ

ಆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಗುಡುಗು. ಹಾಗೆ ಇಡಲು ಕಾರಣವೂ ಇತ್ತು. ಏಳನೇ ತರಗತಿಯ ಕೋಣೆ ರಸ್ತೆಗೆ ಅಂಟಿಕೊಂಡೇ ಇತ್ತು. ಕಿಟಕಿಯಾಚೆ ಬಸ್ ನಿಲ್ದಾಣ, ಅದರ ಮಗ್ಗುಲಲ್ಲಿ ಕಬ್ಬಿಣದ ಗೇಟು ಮಾಡುವ ವೆಲ್ಡಿಂಗ್ ಅಂಗಡಿ. ಉಳಿದ ಮೇಷ್ಟ್ರುಗಳು ಆ ಕೋಣೆಗೆ ಹೊರಡುವಾಗಲೇ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ಈ ಟೀಚರಿಗೆ ಮಾತ್ರ ಆ ಗಲಾಟೆ ಲೆಕ್ಕಕ್ಕೇ ಇರಲಿಲ್ಲ. ಬಸ್ಸಿನ ಹಾರ್ನು ಜೋರಾದರೆ ಅವರ ದನಿ ಹಾರ್ನಿಗಿಂತ ಒಂದು ಕೈ ಮೇಲೆ. ಕೊನೆಯ ಬೆಂಚಿನಲ್ಲಿ ತೂಕಡಿಸುವವನು ಬೆಚ್ಚಿ ಏಳುವಂತೆ, ಪಕ್ಕದ ತರಗತಿಯವರಿಗೂ ಉತ್ತರ ಬಾಯಿಪಾಠವಾಗುವಂತೆ ಪಾಠ ಮಾಡುತ್ತಿದ್ದರು.

ಆ ದನಿ ಕೆಲವು ತಿಂಗಳಿಂದ ಒಡೆಯುತ್ತಾ ಬಂದಿತ್ತು. ಬೆಳಿಗ್ಗೆ ಸರಿಯಾಗಿರುತ್ತಿತ್ತು, ಮಧ್ಯಾಹ್ನಕ್ಕೆ ಗೊಗ್ಗರಾಗುತ್ತಿತ್ತು, ಸಂಜೆಗೆ ಬರೀ ಗಾಳಿ. ಟೀಚರು ಬಿಸಿನೀರು ಕುಡಿದರು, ಮಾತ್ರೆ ಚೀಪಿದರು, ಕೇಳಿದವರಿಗೆಲ್ಲ "ನೆಗಡಿ" ಎಂದರು. ಒಂದು ದಿನ ಹೊಸ ಪಾಠ ಶುರು ಮಾಡಲು ಬೋರ್ಡಿನ ಮೇಲೆ 'ಜೀವಕೋಶ' ಎಂದು ಬರೆದು ತಿರುಗಿ ಬಾಯಿ ತೆರೆದರು. ತುಟಿ ಆಡಿತು, ಮಾತು ಬರಲಿಲ್ಲ. ಇದೇನೋ ಹೊಸ ಆಟವೆಂದು ಮಕ್ಕಳು ನಕ್ಕರು. ಟೀಚರು ಗಂಟಲು ಹಿಡಿದುಕೊಂಡು ಕುರ್ಚಿಯ ಮೇಲೆ ಕೂತಾಗ ನಗು ತಾನಾಗಿ ನಿಂತಿತು.

ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿತಂತುವಿನ ಅಂಚಿನಲ್ಲಿ ಒಂದು ಗಂಟಿತ್ತು. ಅದನ್ನು ಕತ್ತರಿಸಿ ತೆಗೆದು, ಪುಟ್ಟ ಡಬ್ಬಿಗೆ ಹಾಕಿ ಪರೀಕ್ಷೆಗೆ ಕಳಿಸಿದರು.

"ಎಂಥ ಗಂಟು ಅಂತ ಪರೀಕ್ಷೆ ಆದಮೇಲೇ ಗೊತ್ತಾಗೋದು. ಅಲ್ಲೀವರೆಗೂ ಏನೇನೋ ಊಹೆ ಮಾಡ್ಕೊಂಡು ಕೂರಬೇಡಿ," ಎಂದರು ಡಾಕ್ಟರು. "ಇನ್ನು ಎರಡು ವಾರ ಒಂದು ಮಾತೂ ಆಡೋ ಹಾಗಿಲ್ಲ. ಪಿಸುಮಾತೂ ಬೇಡ. ಗಂಟಲಿಗೆ ಅದೂ ಕೂಗಿದಷ್ಟೇ ಕೆಟ್ಟದ್ದು."

ಮನೆಯಲ್ಲಿ ಮೂರೇ ಜನ. ಗಂಡ ಟೈಲರು, ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅತ್ತೆಗೆ ಕಿವಿ ಮಂದ. ಮಗನ ಮಾತು ಅರ್ಧ ಕೇಳಿಸಿದರೆ ಅರ್ಧ ಇಲ್ಲ, ಟೀವಿಯವರ ಮಾತನ್ನು ತುಟಿ ನೋಡಿ ಊಹಿಸಿಕೊಳ್ಳಬೇಕು. ಸೊಸೆಯ ದನಿ ಮಾತ್ರ ಮನೆಯ ಯಾವ ಮೂಲೆಯಲ್ಲಿ ಕೂತಿದ್ದರೂ ಸ್ಪಷ್ಟವಾಗಿ ಕೇಳುತ್ತಿತ್ತು. ಮಗ ತಂದುಕೊಟ್ಟಿದ್ದ ಕಿವಿ ಮಿಷನ್ನು ಬೀರುವಿನಲ್ಲಿ ಡಬ್ಬಿ ಒಡೆಯದೆ ಬಿದ್ದಿತ್ತು. "ನನ್ನ ಸೊಸೆ ಇರೋವಾಗ ಮಿಷನ್ ಯಾಕಪ್ಪಾ?" ಅನ್ನುವುದು ಅತ್ತೆಯ ಹೆಮ್ಮೆ. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎನ್ನುವ ಲೋಕದಲ್ಲಿ ಇವರಿಬ್ಬರು ದಿನವೂ ಸಂಜೆ ತರಕಾರಿ ಹೆಚ್ಚುತ್ತಾ ಬೀದಿಗೆಲ್ಲ ಕೇಳುವಂತೆ ಹರಟುತ್ತಿದ್ದರು.

"ಕಿವುಡಿ ಒಬ್ಬಳು, ಮೂಗಿ ಒಬ್ಬಳು. ಒಳ್ಳೇ ಸಂಸಾರ ಆಯ್ತು ನಿಂದು," ಎಂದು ಅತ್ತೆ ಮಗನಿಗೆ ಹೇಳಿ ನಕ್ಕರು. ಆ ನಗು ಬೇಗ ಮುಗಿಯಿತು.

ಗಂಡ ಕೋಟಿನ ಕಪ್ಪು ಬಟ್ಟೆಯ ಒಂದು ತುಂಡು ಕತ್ತರಿಸಿ, ಸುತ್ತ ಅಂಚು ಹೊಲಿದು, ಅಳತೆ ಗುರುತು ಮಾಡುವ ಸೀಮೆಸುಣ್ಣದ ಜೊತೆ ಹೆಂಡತಿಯ ಕೈಗಿಟ್ಟರು. ಬರೆಯಬಹುದು, ಕೊಡವಿ ಮತ್ತೆ ಬರೆಯಬಹುದು. "ರಜೆ ಹಾಕು," ಎಂದರು. "ಪರೀಕ್ಷೆದು ರಿಪೋರ್ಟ್ ಬರೋವರೆಗೂ ಮನೇಲಿರು. ಶಾಲೆ ಎಲ್ಲೂ ಓಡಿಹೋಗಲ್ಲ."

ಟೀಚರು ಬಟ್ಟೆಯ ಮೇಲೆ ಬರೆದರು: 'ರಜೆ ಬಾಯಿಗೆ. ನನಗಲ್ಲ.'

ಮನೆಯಲ್ಲಿ ಕೂತರೆ ಆ ಪುಟ್ಟ ಡಬ್ಬಿ ಬಿಟ್ಟು ಬೇರೆ ಏನೂ ತಲೆಗೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಹೋದ ವರ್ಷ ಇದೇ ಪಾಠ ಮುಗಿದಾಗ ಪರೀಕ್ಷೆಯಲ್ಲಿ ಎಲ್ಲರೂ ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದರು. ಆಮೇಲೆ ಒಬ್ಬ ಹುಡುಗನನ್ನು "ನಿನ್ನ ಜೀವಕೋಶ ಎಲ್ಲಿದೆಯೋ?" ಎಂದು ಕೇಳಿದರೆ ಅವನು, "ಪುಸ್ತಕದಲ್ಲಿ ಮಿಸ್, ಎಡಗಡೆ ಪುಟದಲ್ಲಿ," ಎಂದಿದ್ದ. ತರಗತಿಯೆಲ್ಲ ನಕ್ಕರೂ ಟೀಚರಿಗೆ ನಗು ಬಂದಿರಲಿಲ್ಲ. ಗುಡುಗಿದ್ದೇ ಬಂತು, ಒಂದು ಹನಿಯೂ ನೆಲಕ್ಕೆ ಬಿದ್ದಿರಲಿಲ್ಲ. ಈ ವರ್ಷ ಒಂದೊಂದು ಮಗುವೂ ತನ್ನ ಜೀವಕೋಶವನ್ನು ತಾನೇ ಕಣ್ಣಾರೆ ನೋಡಬೇಕು ಎಂದು ಅವತ್ತೇ ನಿಶ್ಚಯಿಸಿದ್ದರು.

ಮುಖ್ಯೋಪಾಧ್ಯಾಯಿನಿ ಕಪ್ಪು ಬಟ್ಟೆಯನ್ನೂ ಟೀಚರ ಮುಖವನ್ನೂ ಬಾರಿ ಬಾರಿಗೂ ನೋಡಿದರು. ಅವರೇನೂ ಕಲ್ಲುಮನಸ್ಸಿನವರಲ್ಲ. ಆದರೆ ಶಾಲೆ ನಡೆಸುವವರಿಗೆ ನೂರೆಂಟು ತಾಪತ್ರಯ.

"ಮಾತಿಲ್ಲದೆ ಪಾಠ ಹೇಗೆ ಮಾಡ್ತೀರಿ? ಅದೂ ಏಳನೇ ತರಗತಿ! ಮಾತಿದ್ದವರನ್ನೇ ಅವರು ನುಂಗಿ ನೀರು ಕುಡೀತಾರೆ. ಡ್ರಾಯಿಂಗ್ ಮೇಷ್ಟ್ರು ಎರಡು ವಾರ ಪುಸ್ತಕ ಓದಿಸ್ತಾರೆ, ನೀವು ಆರಾಮಾಗಿರಿ."

'ಓದಿಸುವುದು ಬೇಡ. ನಾನೇ ಮಾಡುತ್ತೇನೆ,' ಎಂದು ಟೀಚರು ಬರೆದು, 'ಮಾಡುತ್ತೇನೆ' ಎಂಬುದರ ಕೆಳಗೆ ಗೆರೆ ಎಳೆದರು.

ಮೊದಲ ದಿನ ಮಾನ ಹೋಯಿತು.

ಟೀಚರು ಬೋರ್ಡಿನ ಮೇಲೆ ಬರೆಯುವುದು, ಒಬ್ಬರು ಎದ್ದು ಜೋರಾಗಿ ಓದುವುದು ಎಂದು ಏರ್ಪಾಡಾಗಿತ್ತು. ಓದಲು ಎದ್ದವನು, ಹಗಲಿಡೀ ಬಾಯಿ ಮುಚ್ಚದ ಕಾರಣಕ್ಕೆ ರೇಡಿಯೋ ಎಂದು ಹೆಸರಾದ ಹುಡುಗ. ಅವನು ಗಂಟಲು ಸರಿಮಾಡಿಕೊಂಡು, "ಈಗ ವಾರ್ತೆಗಳು. ಎಲ್ಲ ಜೀವಿಗಳೂ ಜೀವಕೋಶಗಳಿಂದ ಆಗಿವೆ ಎಂದು ಬಲ್ಲ ಮೂಲಗಳು ತಿಳಿಸಿವೆ," ಎಂದ. ತರಗತಿ ಗೊಳ್ಳೆಂದಿತು. ಟೀಚರು ಮುಂದಿನ ಸಾಲು ಬರೆಯಲು ಬೆನ್ನು ತಿರುಗಿಸಿದರು. ಹಿಂದಿನಿಂದ ಯಾರೋ, "ಮಿಸ್ ಗಂಟಲಲ್ಲಿ ಜೀವಕೋಶ ಎಲ್ಲಾ ಸರಿಯಾಗಿದೆ ಕಣ್ರೋ, ಶಬ್ದಕೋಶ ಖಾಲಿಯಾಗಿದೆ!" ಎಂದರು. ಅಷ್ಟೇ, ಬೆಂಚುಗಳು ಕುಣಿದವು. ಟೀಚರು ಡಸ್ಟರಿನಿಂದ ಮೇಜು ಬಡಿದರು. ಮಕ್ಕಳೂ ಮೇಜು ಬಡಿದರು. ಬಾಯಿ ತೆರೆದು ಒಂದೇ ಒಂದು ಸಲ ಗದರಿಸಿಬಿಡಲೇ ಎಂದು ಗಂಟಲವರೆಗೂ ಬಂತು. ಹಲ್ಲು ಕಚ್ಚಿ ನುಂಗಿಕೊಂಡರು.

ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿ ಕಾಣಿಸಿದ ಕೂಡಲೇ ತರಗತಿ ತಣ್ಣಗಾಯಿತು. ಅದು ಟೀಚರಿಗೆ ಇನ್ನೂ ಹೆಚ್ಚು ನೋವು ಮಾಡಿತು.

"ನಾಳೆ ಒಂದು ದಿನ ನೋಡೋಣ," ಎಂದರು ಮುಖ್ಯೋಪಾಧ್ಯಾಯಿನಿ ಹೊರಗೆ ಕರೆದು, ಮೆತ್ತಗೆ. "ನಾಳೆಯೂ ಹೀಗೇ ಆದ್ರೆ ನನ್ನನ್ನ ಬೈಕೋಬೇಡಿ."

ಆ ಸಂಜೆ ಟೀಚರು ತರಕಾರಿ ಹೆಚ್ಚಲು ಕೂತರು. ಅತ್ತೆ ಎದುರು ಕೂತು ಏನೇನೋ ಹೇಳಿದರು, ಕೊನೆಗೆ, "ನೀನು ಕೋಪ ಮಾಡ್ಕೊಂಡಿದ್ದೀಯೋ, ಗಂಟಲು ನೋವೋ ನನಗೆ ಹೆಂಗಮ್ಮಾ ತಿಳೀಬೇಕು?" ಎಂದು ಎದ್ದು ಹೋದರು. ಟೀಚರಿಗೆ ಕಣ್ಣು ತುಂಬಿತು. ಸ್ವಲ್ಪ ಹೊತ್ತಿನ ಮೇಲೆ ಚಾಕು ಕೆಳಗಿಟ್ಟು, ಕೈಯಲ್ಲಿದ್ದ ಈರುಳ್ಳಿಯ ತೆಳ್ಳನೆ ಪೊರೆಯನ್ನು ಬೆಳಕಿಗೆ ಹಿಡಿದು ನೋಡುತ್ತಾ ಕೂತರು. ಇಪ್ಪತ್ತು ವರ್ಷ ಮಕ್ಕಳ ಕಿವಿಗೇ ಪಾಠ ತುಂಬಿದ್ದಾಯಿತು. ಈಗ ಕಿವಿಗೆ ಕೊಡಲು ತನ್ನ ಹತ್ತಿರ ಏನೂ ಇಲ್ಲ. ಹಾಗಾದರೆ ಕಣ್ಣಿಗೆ ಕೊಡಬೇಕು, ಕೈಗೆ ಕೊಡಬೇಕು.

ಶಾಲೆಗೆ ಒಂದೇ ಒಂದು ಸೂಕ್ಷ್ಮದರ್ಶಕ ಇತ್ತು. ಅದು ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕ್ರೀಡಾಕೂಟದ ಕಪ್ಪುಗಳ ಪಕ್ಕ, ಬಂದವರಿಗೆ ಕಾಣಲಿ ಎಂದು ಗಾಜಿನ ಬೀರುವಿನೊಳಗೆ ಕೂತಿತ್ತು. ಮರುದಿನ ಬೆಳಿಗ್ಗೆ ಟೀಚರು ಹೋಗಿ ಬೀರುವಿನತ್ತ ಬೆರಳು ತೋರಿಸಿದರು.

"ಅಯ್ಯೋ, ಅದಾ? ಆ ಕೋತಿಗಳ ಕೈಗೆ ಕೊಟ್ಟು ಒಡೆದುಹೋದ್ರೆ?"

'ಒಡೆದರೆ ನನ್ನ ತಲೆ ಒಡೆಯಿರಿ,' ಎಂದು ಟೀಚರು ಬರೆದರು. ಮುಖ್ಯೋಪಾಧ್ಯಾಯಿನಿ ನಗು ತಡೆಯಲಾರದೆ ಬೀಗದ ಕೈ ಹುಡುಕಿದರು.

ತರಗತಿಯಲ್ಲಿ ಟೀಚರು ಬೋರ್ಡಿನ ಮೇಲೆ ಒಂದೇ ಸಾಲು ಬರೆದರು: 'ನೋಡಿದವರು, ಎಲ್ಲಿ ನೋಡಬೇಕೆಂದು ಮುಂದಿನವರಿಗೆ ಹೇಳಿಕೊಡಬೇಕು.' ಸೂಕ್ಷ್ಮದರ್ಶಕವನ್ನು ಕಿಟಕಿಯ ಬಳಿ ಇಟ್ಟು ಅದರ ಕನ್ನಡಿಯನ್ನು ಬೆಳಕಿಗೆ ತಿರುಗಿಸಿದರು. ಆಮೇಲೆ ಮಕ್ಕಳ ಎದುರಿಗೇ, ಚಪ್ಪಟೆ ಮರದ ಕಡ್ಡಿಯೊಂದರಿಂದ ತಮ್ಮ ಕೆನ್ನೆಯ ಒಳಬದಿಯನ್ನು ಮೆಲ್ಲಗೆ ಕೆರೆದರು. ಕಡ್ಡಿಗೆ ಅಂಟಿದ ಬಿಳಿ ಲೋಳೆಯನ್ನು ಗಾಜಿನ ಪಟ್ಟಿಯ ಮೇಲಿನ ಉಪ್ಪುನೀರಿನ ಹನಿಯಲ್ಲಿ ಹರಡಿದರು, ಒಂದು ತೊಟ್ಟು ನೀಲಿ ಬಣ್ಣ ಬಿಟ್ಟರು, ಮೇಲೆ ತೆಳುಗಾಜನ್ನು ಒಂದು ಮಗ್ಗುಲಿಂದ ಇಳಿಬಿಟ್ಟರು. ಟೀಚರ ಕೈ ಮುಂದೇನು ಮಾಡುತ್ತದೆ ಎಂದು ನೋಡುವುದರಲ್ಲಿ ಮಕ್ಕಳಿಗೆ ಬಾಯಿ ಮರೆತುಹೋಗಿತ್ತು. ಆಮೇಲೆ ಒಬ್ಬೊಬ್ಬರ ಕೈಗೂ ಒಂದೊಂದು ಹೊಸ ಕಡ್ಡಿ, ಗಾಜಿನ ಪಟ್ಟಿ ಕೊಟ್ಟರು.

ರೇಡಿಯೋ ತನ್ನ ಪಟ್ಟಿ ಇಟ್ಟು ಕಣ್ಣಿಟ್ಟ. "ಸಿಕ್ತು! ಗುಂಡಗಿದೆ, ಸುತ್ತ ಕಪ್ಪು ಅಂಚು! ಎಷ್ಟು ಚೆನ್ನಾಗಿದೆ!"

ಟೀಚರು ಬಗ್ಗಿ ನೋಡಿ, ತಲೆ ಅಡ್ಡಡ್ಡ ಆಡಿಸಿ, ಬಟ್ಟೆಯ ಮೇಲೆ ಬರೆದು ತೋರಿಸಿದರು: 'ಗಾಳಿಗುಳ್ಳೆ.'

ಈ ಸಲದ ನಗುವಿಗೆ ರೇಡಿಯೋನೇ ಗುರಿ. ಅವನು ಹಟ ಹಿಡಿದು ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿದ. ಮತ್ತೆ ಸರಿಸಿದ. "ಪ್ಲಾಸ್ಟಿಕ್ ಚೀಲದ ಹರಿದ ತುಂಡುಗಳ ಹಾಗಿವೆ," ಎಂದ ಕೊನೆಗೆ, ಕಣ್ಣು ತೆಗೆಯದೆ. "ಒಂದೊಂದರ ಮಧ್ಯೆ ಒಂದೊಂದು ಇಂಕಿನ ಚುಕ್ಕಿ."

ಟೀಚರು ಬೋರ್ಡಿನ ಮೇಲೆ ಅದರ ಚಿತ್ರ ಬಿಡಿಸಿ ನಡುವಿನ ಚುಕ್ಕಿ ತೋರಿಸಿದರು. ಕೋಶಕೇಂದ್ರ. ಹೊರಗಿನ ಗೆರೆ ಕೋಶಪೊರೆ. ನಡುವೆ ತುಂಬಿದ್ದು ಕೋಶದ್ರವ್ಯ. ಹೆಸರನ್ನು ಅವರು ಬರೆಯುವ ಮೊದಲೇ ಮಕ್ಕಳು ಪುಸ್ತಕದಲ್ಲಿ ಹುಡುಕಿ ಹೇಳಿದರು.

ಸಾಲಿನಲ್ಲಿ ಮುಂದೆ ಬಂದವಳು ಲಾಯರು. ಯಾವ ಮಾತನ್ನೂ ಸಾಕ್ಷಿ ಇಲ್ಲದೆ ಒಪ್ಪದ ಹುಡುಗಿ. ರೇಡಿಯೋನ ಪಟ್ಟಿ ನೋಡಿದಳು, ತನ್ನದನ್ನು ನೋಡಿದಳು, ಮತ್ತೆ ಅವನದನ್ನು ನೋಡಿದಳು. "ಇದು ನಂದೇ ಅಂತ ಏನು ಗ್ಯಾರಂಟಿ ಮಿಸ್? ಅವನದ್ದೂ ಥೇಟ್ ಹೀಗೇ ಇದೆ."

"ನಂದು ಮಾತಾಡುತ್ತೆ, ಕಿವಿ ಇಟ್ಟು ಕೇಳು," ಎಂದ ರೇಡಿಯೋ.

ಗಂಟೆ ಹೊಡೆದರೂ ಸಾಲು ಕರಗಲಿಲ್ಲ. ಬಾಗಿಲಾಚೆ ಬಂದು ನಿಂತಿದ್ದ ಮುಖ್ಯೋಪಾಧ್ಯಾಯಿನಿ ಒಳಗೆ ಬಾರದೆ ವಾಪಸ್ಸು ಹೋದರು. ಡ್ರಾಯಿಂಗ್ ಮೇಷ್ಟ್ರ ಸುದ್ದಿಯನ್ನು ಯಾರೂ ಮತ್ತೆ ಎತ್ತಲಿಲ್ಲ.

ಜೀವಕೋಶದ ನಂತರ ಅಂಗಾಂಶ. ಟೀಚರು ಮಕ್ಕಳನ್ನು ಅಂಗಳಕ್ಕೆ ಇಳಿಸಿದರು. ಗಂಡನ ಅಂಗಡಿಯಿಂದ ತಂದ ಉದ್ದುದ್ದ ಬಟ್ಟೆಚೂರುಗಳು ಕೈಯಲ್ಲಿದ್ದವು. ಒಂದು ಗುಂಪನ್ನು ಭುಜಕ್ಕೆ ಭುಜ ಒತ್ತಿ ಗೋಡೆಯಂತೆ ನಿಲ್ಲಿಸಿದರು. ಚರ್ಮದ ಹಾಗೆ, ಬಾಯಿಯ ಒಳಪದರದ ಹಾಗೆ ಮೈಯನ್ನು ಹೊದಿಸುವ ಅನುಲೇಪಕ ಅಂಗಾಂಶ. ಇನ್ನೊಂದು ಗುಂಪು ದೂರ ದೂರ ನಿಂತು, ನಡುವೆ ಬಟ್ಟೆಚೂರುಗಳನ್ನು ಅಡ್ಡಾದಿಡ್ಡಿ ಎಳೆದು ಹಿಡಿಯಿತು. ಒಂದನ್ನೊಂದು ಕಟ್ಟಿಹಾಕುವ ಸಂಯೋಜಕ ಅಂಗಾಂಶ. ಮೂರನೆಯದು ಒಟ್ಟಿಗೆ ಕುಕ್ಕರುಗಾಲಲ್ಲಿ ಕೂತು ಒಟ್ಟಿಗೆ ಏಳುವ ಸ್ನಾಯು. ಉಳಿದವರು ಕೈ ಕೈ ಹಿಡಿದು ಉದ್ದಕ್ಕೆ ನಿಂತರು. ಒಂದು ತುದಿಯಲ್ಲಿ ಕೈ ಅದುಮಿದರೆ ಆ ಅದುಮು ಕೈಯಿಂದ ಕೈಗೆ ಓಡಿ ಇನ್ನೊಂದು ತುದಿ ಮುಟ್ಟಬೇಕು. ಅದು ನರ. ರೇಡಿಯೋ ಕೇಳದೆಯೇ ರೋಗಾಣುವಾಗಿ ಗೋಡೆಗೆ ನುಗ್ಗಿ ನುಗ್ಗಿ ಸೋತು ಬಿದ್ದ.

ಲಾಯರು ಗೋಡೆಯಲ್ಲಿ ನಿಂತಿದ್ದಳು. "ಮಿಸ್, ಒಂದು ಪ್ರಶ್ನೆ. ಗೋಡೇಲಿ ಜಾಗ ಇಲ್ದಿದ್ರೂ ಇನ್ನೂ ಇಬ್ಬರು ಬಂದು ಸೇರಿಕೊಂಡ್ರೆ?"

ಟೀಚರು ಕೈಬೀಸಿ ಇಬ್ಬರನ್ನು ಕರೆದು ಗೋಡೆಯೊಳಕ್ಕೆ ತೂರಿಸಿದರು. ಒತ್ತಡಕ್ಕೆ ಅಲ್ಲಿದ್ದವರು ಮುಂದಕ್ಕೆ ಉಬ್ಬಿ ಬಂದರು. ನೆಟ್ಟಗಿದ್ದ ಸಾಲಿನಲ್ಲಿ ಒಂದು ಗಂಟು ಎದ್ದಿತು. ಎಲ್ಲರೂ ಆ ಗಂಟು ನೋಡಿದರು. ಆಮೇಲೆ ಯಾರೂ ಹೇಳಿಕೊಡದೆ ಎಲ್ಲರ ಕಣ್ಣೂ ಟೀಚರ ಗಂಟಲಿನತ್ತ ತಿರುಗಿತು.

"ನಿಮ್ಮ ಗಂಟಲಲ್ಲಿ ಕತ್ತರಿಸಿದ್ರಲ್ಲ ಮಿಸ್," ಎಂದಳು ಲಾಯರು. "ಅದು ಕೋಶಾನಾ, ಅಂಗಾಂಶಾನಾ, ಅಂಗಾನಾ?"

"ಏಯ್, ಹಂಗೆಲ್ಲ ಕೇಳಬಾರ್ದು," ಎಂದು ರೇಡಿಯೋ ಅವಳ ಜಡೆ ಎಳೆದ.

ಕೇಳಬಾರದ್ದೇನಲ್ಲ. ಪಾಠದಲ್ಲಿ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವರು ಕೂತು ನೆಲದ ಮೇಲೇ ಸೀಮೆಸುಣ್ಣದಿಂದ ಚಿತ್ರ ಬಿಡಿಸಿದರು. ಧ್ವನಿಪೆಟ್ಟಿಗೆ ಒಂದು ಅಂಗ. ಅದರೊಳಗೆ ಎರಡು ತಂತು. ತಂತುವಿನ ಮೇಲೆ ಹೊದಿಕೆ, ಹೊದಿಕೆಯ ಕೆಳಗೆ ಮೆದು ಪದರ, ಅದರಡಿಗೆ ಸ್ನಾಯು. ಹೊದಿಕೆ ಉಬ್ಬಿದ ಕಡೆ ಒಂದು ಗೆರೆ ಎಳೆದು ಬರೆದರು: 'ಇಷ್ಟು. ಅಂಗಾಂಶ.'

"ಅದನ್ನ ಏನು ಮಾಡಿದ್ರು?"

'ಪರೀಕ್ಷೆಗೆ ಕಳಿಸಿದ್ದಾರೆ.'

ಲಾಯರು ಯೋಚಿಸಿದಳು. "ಪಾಸೋ ಫೇಲೋ ಯಾವಾಗ ಗೊತ್ತಾಗುತ್ತೆ?"

ಯಾರೂ ನಗಲಿಲ್ಲ. ಟೀಚರು ಒಂದೊಂದೇ ಅಕ್ಷರ ನೆಟ್ಟಗೆ ಬರೆದರು: 'ಶುಕ್ರವಾರ.'

ಆ ಮಾತು ಮನೆಮನೆಗೂ ಹೋಯಿತು. ಒಬ್ಬ ತಾಯಿ ಶಾಲೆಗೆ ಬಂದು, ಕಾಯಿಲೆ ಕಸಾಲೆಯ ಸುದ್ದಿಯನ್ನೆಲ್ಲ ಮಕ್ಕಳ ತಲೆಗೆ ತುಂಬುವುದೇಕೆ ಎಂದು ಕೇಳಿ ಹೋದರು. ಮುಖ್ಯೋಪಾಧ್ಯಾಯಿನಿ ಟೀಚರನ್ನು ಕರೆದರು. "ಹೌದಲ್ವಾ? ಪಾಠದಲ್ಲಿ ಇರೋದಷ್ಟು ಸಾಲದಾ?"

'ಪಾಠ ಮೈಯದು. ಮೈ ಅಂದಮೇಲೆ ಅದು ಕೆಡುತ್ತದೆ ಕೂಡ. ಅವರು ಕೇಳಿದರು, ನಾನು ಸುಳ್ಳು ಹೇಳಲಿಲ್ಲ,' ಎಂದು ಬರೆಯುವಷ್ಟರಲ್ಲಿ ಬಟ್ಟೆ ಅಂಚಿನವರೆಗೂ ತುಂಬಿತು. ಮುಖ್ಯೋಪಾಧ್ಯಾಯಿನಿ ಅದನ್ನು ಓದಿ ಟೀಚರ ಕೈ ಅದುಮಿದರು. "ಶುಕ್ರವಾರ ನಾನೂ ಬರ್ಲಾ ಆಸ್ಪತ್ರೆಗೆ?" ಎಂದು ಕೇಳಿದರು. ಟೀಚರು ಬೇಡವೆಂದು ತಲೆಯಾಡಿಸಿದರು.

ಶುಕ್ರವಾರ ಗಂಡ ಅಂಗಡಿ ಮುಚ್ಚಿ ಜೊತೆಗೆ ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಜೇಬಿನಲ್ಲಿದ್ದ ಗುಂಡಿಯೊಂದನ್ನು ತಿರುಗಿಸುತ್ತಲೇ ಇದ್ದರು. ಡಾಕ್ಟರು ಕನ್ನಡಕ ಏರಿಸಿ ಕಾಗದ ಓದಿದರು.

"ಕ್ಯಾನ್ಸರ್ ಅಲ್ಲ."

ಗಂಡ ಮುಖ ಮುಚ್ಚಿಕೊಂಡರು. ಟೀಚರು ಅವರ ಬೆನ್ನ ಮೇಲೆ ಕೈಯಿಟ್ಟರು, ಕಣ್ಣು ಮಾತ್ರ ಡಾಕ್ಟರ ಮೇಲೇ ಇತ್ತು. ಮುಂದೆ ಇನ್ನೊಂದು ಮಾತಿದೆ ಎಂದು ಆ ಮುಖ ಹೇಳುತ್ತಿತ್ತು.

"ಕೂಗಿ ಕೂಗಿ ಜಡ್ಡುಗಟ್ಟಿದ್ದು, ಅಷ್ಟೇ. ಆದ್ರೆ ತಂತುವಿನ ಅಂಚು ಮೊದಲಿನಷ್ಟು ನುಣುಪಾಗಲ್ಲ. ದನಿ ಬರುತ್ತೆ, ತಗ್ಗಿದ ದನಿ ಬರುತ್ತೆ. ಮತ್ತೆ ಮೊದಲಿನ ಹಾಗೆ ಕೂಗಿದ್ರೆ ಮತ್ತೆ ಗಂಟು. ಇನ್ಮೇಲೆ ನೀವು ಕೂಗೋ ಹಾಗೇ ಇಲ್ಲ."

ಸಂತೋಷಪಡಬೇಕಾದ ಹೊತ್ತಿನಲ್ಲಿ ಟೀಚರಿಗೆ ಯಾರನ್ನೋ ಕಳೆದುಕೊಂಡ ಹಾಗಾಯಿತು. ಇಪ್ಪತ್ತು ವರ್ಷ ಕೋಣೆಗೆ ತಮಗಿಂತ ಮೊದಲು ಹೊಕ್ಕು ಜಾಗ ಮಾಡಿಕೊಡುತ್ತಿದ್ದ ದನಿ ಅದು. ಆಮೇಲೆ ಕಪ್ಪು ಬಟ್ಟೆ ಬಿಚ್ಚಿ ಬರೆದರು: 'ಅದನ್ನು ನೋಡಬೇಕು.'

"ಯಾವುದನ್ನ?"

'ನನ್ನಿಂದ ತೆಗೆದದ್ದನ್ನು.'

ಪ್ರಯೋಗಾಲಯ ನೆಲಮಾಳಿಗೆಯಲ್ಲಿತ್ತು. ಅಲ್ಲಿನ ಡಾಕ್ಟರು ನರೆಗೂದಲಿನ ಹೆಂಗಸು, ಒಂದು ಕೈಯಲ್ಲಿ ಆರಿದ ಚಹಾ, ಇನ್ನೊಂದು ಕೈ ಸೂಕ್ಷ್ಮದರ್ಶಕದ ಮೇಲೆ. "ಇಲ್ಲಿಗೆ ಕಾಗದ ಬರುತ್ತೆ, ಡಬ್ಬಿ ಬರುತ್ತೆ. ಆ ಡಬ್ಬಿಯವರು ಯಾವತ್ತೂ ಬಂದಿದ್ದಿಲ್ಲ," ಎಂದು ನಕ್ಕು ಕುರ್ಚಿ ಬಿಟ್ಟುಕೊಟ್ಟರು.

ಟೀಚರು ಬಗ್ಗಿದರು. ಗುಲಾಬಿ, ನೇರಳೆ. ಮೇಲೆ ಒತ್ತೊತ್ತಾಗಿ ಅಡುಕಿದ ಕೋಶಗಳು, ಒಂದೊಂದರಲ್ಲೂ ಕಡುನೇರಳೆ ಚುಕ್ಕಿ. ಮೇಲ್ಗಡೆ ಹೋದಷ್ಟೂ ಚಪ್ಪಟೆ. ಕೆಳಗೆ ಸಡಿಲವಾದ ನಸುಗುಲಾಬಿ ಎಳೆಗಳು, ನಡುವೆ ಒಂದು ಪುಟ್ಟ ರಕ್ತನಾಳ.

"ನೋಡಿ, ಹೊದಿಕೆ ದಪ್ಪ ಆಗಿದೆ, ಆದ್ರೆ ಸಾಲು ಕೆಟ್ಟಿಲ್ಲ. ಗಡಿ ದಾಟಿ ಒಂದು ಕೋಶಾನೂ ಕೆಳಗೆ ಇಳಿದಿಲ್ಲ," ಎಂದರು ಆ ಡಾಕ್ಟರು. "ಸಾಲು ಕೆಟ್ಟಿದ್ರೆ ಕಥೆ ಬೇರೆ ಇತ್ತು."

ಟೀಚರು ತಲೆ ಎತ್ತಿ ಬರೆದರು: 'ನನಗೆ ಏಳನೇ ತರಗತಿ ಇದೆ. ಅವರಿಗೂ ತೋರಿಸಬೇಕು.'

"ಇದನ್ನ ಕೊಡೋ ಹಾಗಿಲ್ಲ, ಆಸ್ಪತ್ರೇಲೇ ಇರಬೇಕು." ಡಾಕ್ಟರು ಚಹಾದ ಲೋಟ ನೋಡಿದರು, ಟೀಚರನ್ನು ನೋಡಿದರು. ಟೀಚರು ಏಳಲಿಲ್ಲ. "ಆದ್ರೆ ಉಳಿದ ತುಂಡನ್ನ ಕೆಡದ ಹಾಗೆ ಮೇಣದಲ್ಲಿ ಹುದುಗಿಸಿಟ್ಟಿದ್ದೀವಿ. ಅದರಿಂದ ಇನ್ನೊಂದು ಪದರ ಕೊಯ್ದು ಪಟ್ಟಿ ಮಾಡಿಕೊಡಬಹುದು. ಸೋಮವಾರ ಬನ್ನಿ."

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು. ಮಗ ಅವರ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಕೂಗಿ ಹೇಳಿದರು. ಕ್ಯಾನ್ಸರ್ ಅಲ್ಲ ಎಂಬುದಕ್ಕೆ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟರು. ದನಿ ತಗ್ಗುತ್ತದೆ, ಇನ್ನು ಜೋರಾಗಿ ಮಾತಾಡುವ ಹಾಗಿಲ್ಲ ಎಂಬುದನ್ನು ಎರಡು ಸಲ ಹೇಳಬೇಕಾಯಿತು. ಕೇಳಿದ ಮೇಲೆ ಒಳಗೆ ಹೋದರು. ಬೀರುವಿನ ಬಾಗಿಲು ಕಿರುಗುಟ್ಟಿತು. ಕಿವಿ ಮಿಷನ್ನಿನ ಡಬ್ಬಿಯನ್ನು ತಂದು ಮಗನ ಕೈಗೆ ಹಾಕಿದರು.

"ಇದನ್ನ ಹೆಂಗೆ ಹಾಕೋದು ತೋರಿಸು. ಅವಳು ಕೂಗೋ ಹಾಗಿಲ್ಲ ಅಂದ್ರೆ ನಾನೇ ಕೇಳಿಸ್ಕೋಬೇಕಲ್ಲ."

ಮಿಷನ್ನು ಕಿವಿಗೆ ಕೂತದ್ದೇ ಅತ್ತೆ ಬೆಚ್ಚಿದರು. "ಇದೇನಿದು, ಫ್ಯಾನು ಇಷ್ಟು ಸದ್ದು ಮಾಡುತ್ತಾ? ಇಷ್ಟು ದಿನ ನೀವು ಹೆಂಗ್ರೋ ನಿದ್ದೆ ಮಾಡಿದ್ರಿ?" ಟೀಚರಿಗೆ ನಗು ಉಕ್ಕಿತು. ನಗುವ ಹಾಗೂ ಇರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ಸದ್ದಿಲ್ಲದೆ ನಕ್ಕರು.

ಶನಿವಾರ ಶಾಲೆಯ ಗೇಟಿನಲ್ಲೇ ಏಳನೇ ತರಗತಿ ಸುತ್ತುವರಿಯಿತು. "ಪಾಸಾ ಮಿಸ್?" ಟೀಚರು ಹೆಬ್ಬೆರಳು ಎತ್ತಿದರು. ಎದ್ದ ಕೇಕೆಗೆ ವೆಲ್ಡಿಂಗ್ ಅಂಗಡಿಯವನು ಕೆಲಸ ಬಿಟ್ಟು ಹೊರಗೆ ಬಂದು ನೋಡಿದ.

ಮಂಗಳವಾರ ಅವರು ಪುಟ್ಟ ಪೆಟ್ಟಿಗೆಯಿಂದ ಆ ಗಾಜಿನ ಪಟ್ಟಿಯನ್ನು ತೆಗೆದು, ಬೋರ್ಡಿನ ಮೇಲೆ ಬರೆದರು: 'ಇದು ನನ್ನ ಗಂಟಲು. ಕೈ ಒರೆಸಿಕೊಂಡು ಬನ್ನಿ.' ಯಾರೂ ತಳ್ಳಾಡಲಿಲ್ಲ. ರೇಡಿಯೋ ಕಣ್ಣಿಟ್ಟವನು ಒಂದು ಮಾತೂ ಆಡದೆ ಮುಂದಿನವನಿಗೆ ಜಾಗ ಬಿಟ್ಟ. "ಎಲ್ಲಿ ನೋಡ್ಬೇಕು, ಹೇಳೋ," ಎಂದು ಕೇಳಿದರೆ ಬೆರಳಲ್ಲಷ್ಟೇ ತೋರಿಸಿದ. ಲಾಯರು ಎಲ್ಲರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

"ಗಡಿ ಸಿಕ್ತು," ಎಂದಳು. "ಮೇಲೆ ಗೋಡೆ, ಕೆಳಗೆ ಬಟ್ಟೆಚೂರು ಹಿಡಿದವರು. ಸ್ನಾಯು ಎಲ್ಲೂ ಕಾಣಲ್ವಲ್ಲ ಮಿಸ್?"

ಟೀಚರು ತಮ್ಮ ಗಂಟಲು ಮುಟ್ಟಿ ತೋರಿಸಿದರು.

"ಅದು ಒಳಗೇ ಉಳಿದಿದೆ," ಎಂದು ಲಾಯರು ತಾನೇ ಉತ್ತರ ಹೇಳಿಕೊಂಡಳು. "ಅದಕ್ಕೇ ಇದು ಅಂಗ ಅಲ್ಲ, ಅಂಗಾಂಶ." ಆಮೇಲೆ ಮೆಲ್ಲಗೆ, "ಸ್ನಾಯು ಉಳಿದಿದ್ರೆ ದನಿ ಬರುತ್ತಲ್ವಾ?"

ಬಂತು. ಎರಡು ವಾರ ಮುಗಿದ ಮೇಲೆ ಡಾಕ್ಟರು ದಿನಕ್ಕೆ ಇಷ್ಟಿಷ್ಟೇ ಎಂದು ಮಾತು ಬಿಟ್ಟುಕೊಟ್ಟರು. ಬಂದ ದನಿ ಟೀಚರಿಗೇ ಪರಿಚಯವಿರಲಿಲ್ಲ. ತಗ್ಗು, ಸ್ವಲ್ಪ ಒರಟು, ಒಂದು ಬೆಂಚು ದಾಟಿದರೆ ಹೆಚ್ಚು. ಮೊದಲ ದಿನ ಬಸ್ಸಿನ ಹಾರ್ನಿಗೆ ಅದು ಮುಳುಗಿಹೋದಾಗ ಹಳೆಯ ಚಾಳಿಯಂತೆ ಎದೆಯಲ್ಲಿ ಉಸಿರು ತುಂಬಿಕೊಂಡರು. ಹಾಗೇ ಬಿಟ್ಟರು. ಬಸ್ಸು ಹೋಗುವವರೆಗೆ ಕಾದು ಮುಂದುವರಿಸಿದರು. ಮಕ್ಕಳೂ ಕಾದರು.

ಅಂಗದ ಪಾಠಕ್ಕೆ ಅವರು ಮಾಂಸದಂಗಡಿಯಿಂದ ಕುರಿಯ ಹೃದಯವೊಂದನ್ನು ತರಿಸಿ, ತೊಳೆದು, ತಟ್ಟೆಯಲ್ಲಿಟ್ಟರು. ಮುಟ್ಟಲು ಮನಸ್ಸಿಲ್ಲದವರು ಕಿಟಕಿಯ ಬಳಿ ನಿಂ‌ತು ನೋಡಲು ಒಪ್ಪಿಗೆ ಇತ್ತು. ಬೆಂಚುಗಳನ್ನು ಗೋಡೆಗೆ ತಳ್ಳಿ ಉಳಿದವರೆಲ್ಲ ಮೇಜಿನ ಸುತ್ತ ತಲೆಗೆ ತಲೆ ತಾಗಿಸಿ ನಿಂತರು. ಒಳಗೋಡೆಯ ನುಣುಪು ಹೊದಿಕೆ, ಬೆರಳಿಗೆ ಗಟ್ಟಿಯಾಗಿ ಸಿಗುವ ಸ್ನಾಯು, ಕವಾಟವನ್ನು ಎಳೆದು ಹಿಡಿದ ಬಿಳಿ ದಾರಗಳು. ಒಂದೊಂದನ್ನೂ ಮುಟ್ಟಿ, ಹೆಸರು ಹೇಳಿ, ಇವೆಲ್ಲ ಸೇರಿ ಒಂದು ಕೆಲಸ ಮಾಡಿದರೆ ಅದಕ್ಕೆ ಅಂಗ ಎಂದು ಹೆಸರು ಎಂದು ಟೀಚರು ತಗ್ಗಿದ ದನಿಯಲ್ಲೇ ಹೇಳಿದರು.

ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ಬಂದು ನಿಂತರು. "ಆರನೇ ತರಗತಿಯವರು ಪ್ರಾಣ ತಿಂತಿದ್ದಾರೆ, ನಮಗೂ ಕೆನ್ನೆ ಕೆರೆಯೋ ಪಾಠ ಬೇಕಂತೆ. ಅವರನ್ನೂ ನೀವೇ ತಗೊಳ್ತೀರಾ?"

ಟೀಚರು ತಟ್ಟೆಯಿಂದ ಕೈ ತೆಗೆಯದೆ ಏನೋ ಹೇಳಿದರು.

"ಏನಂದ್ರಿ? ಕೇಳಿಸ್ಲಿಲ್ಲ."

ಹೊರಗೆ ಬಸ್ಸೊಂದು ಹಾರ್ನು ಹೊಡೆಯುತ್ತಿತ್ತು. ಟೀಚರು ದನಿ ಏರಿಸಲಿಲ್ಲ. ಮಕ್ಕಳು ಸರಿದು ಮೇಜಿನ ಬಳಿ ಒಬ್ಬರಿಗೆ ಜಾಗ ಮಾಡಿದರು. ಮುಖ್ಯೋಪಾಧ್ಯಾಯಿನಿ ಒಳಗೆ ಬಂದು, ಸೀರೆಯ ಅಂಚು ತಟ್ಟೆಗೆ ತಾಗದಂತೆ ಎತ್ತಿ ಹಿಡಿದು, ಬಗ್ಗಿ ನಿಂತರು.

"ತಗೊಳ್ತೀನಿ ಅಂದೆ," ಎಂದರು ಟೀಚರು. "ಆದ್ರೆ ಒಂದು ಸೂಕ್ಷ್ಮದರ್ಶಕ ಸಾಲಲ್ಲ. ಇನ್ನೂ ಮೂರು ಬೇಕು."